ಸಿಂಕಿನೊಳಗೊಂದು ಟಬ್

ಟಬ್ಬಿನ ನೀರಲ್ಲಿ ಅದ್ದಿ ತೆಗೆದದ್ದು ತೊಳೆದ ಪಾತ್ರೆಯಲ್ಲ ಎಂದು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಆದರೂ ಬಹುಪಾಲು ಮನೆಗಳಲ್ಲಿ ಅದು ಗಟ್ಟಿಯಾಗಿ ಬೇರೂರಿದ ನಂಬಿಕೆ. ಎಂಜಲು ತಟ್ಟೆ ಮುಳುಗಿದ ಕೂಡಲೇ ನೀರು ಎಂಜಲಾಯಿತು, ಆ ನೀರಿನಿಂದ ಎದ್ದ ಲೋಟವೂ ಎಂಜಲೇ. ಬಾವಿಯಿಂದ ಸೇದಿ ತರುತ್ತಿದ್ದ ಕಾಲದಲ್ಲೂ ಚೊಂಬಿನಿಂದ ಮೇಲೆ ಸುರಿದುಕೊಂಡೇ ಪಾತ್ರೆ ಗಲಬರಿಸುತ್ತಿದ್ದರು. ನಲ್ಲಿ ಬಂದ ಮೇಲೆ ಚೊಂಬು ಹೋಯಿತು, ಸುರಿಯುವುದು ಉಳಿಯಿತು. ಚೊಂಬಿಗೊಂದು ಅಳತೆಯಿತ್ತು, ಬಗ್ಗಿ ತುಂಬಿಕೊಳ್ಳಬೇಕಿತ್ತು. ನಲ್ಲಿಗೆ ಅಂಥ ಕಟ್ಟುಪಾಡೇನೂ ಇಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಡುಗೆಮನೆಗಳಿಗೆ ಇದರ ಬಿಸಿ ತಟ್ಟಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿವೆ ಎಂದು ಸರ್ಕಾರವೇ ಹೇಳಿತು. ಊರಿಗೆ ದಿನಕ್ಕೆ ಬೇಕಾಗಿದ್ದು 260 ಕೋಟಿ ಲೀಟರ್, ಕಾವೇರಿಯಿಂದ ಬರುತ್ತಿದ್ದುದು 145 ಕೋಟಿ ಲೀಟರ್. ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತ ಮಿತಿ ಹಾಕಿತು: 5 ಕಿಲೋಮೀಟರ್ ಒಳಗಾದರೆ 6 ಸಾವಿರ ಲೀಟರಿಗೆ 600 ರೂಪಾಯಿ, 12 ಸಾವಿರ ಲೀಟರಿಗೆ 1,000 ರೂಪಾಯಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5 ಸಾವಿರ ದಂಡವೆಂದು ಜಲಮಂಡಳಿ ಸಾರಿತು. ಹೋಟೆಲು, ಮಾಲು, ಅಪಾರ್ಟ್‌ಮೆಂಟುಗಳ ನಲ್ಲಿಗೆ ಏರೇಟರ್ ಕಡ್ಡಾಯವಾಯಿತು. ಬಳಸಿ ಬಿಸಾಡುವ ತಟ್ಟೆ ಲೋಟ ಇಟ್ಟುಕೊಳ್ಳಿ ಎಂಬ ಸಲಹೆಯೂ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಓಡಾಡಿತು. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನೀರು ಉಳಿಸಲು ಕಸದ ರಾಶಿ ಬೆಳೆಸಬೇಕೆ? ಸಿಂಕಿನೊಳಗೆ ಒಂದು ಟಬ್ ಇಟ್ಟರೆ ಆಗುವ ಕೆಲಸವಲ್ಲವೇ ಅದು?

ಲೆಕ್ಕ ಕಷ್ಟದ್ದೇನಲ್ಲ. ಏರೇಟರ್ ಇಲ್ಲದ ಅಡುಗೆಮನೆಯ ನಲ್ಲಿ ಒತ್ತಡ ಚೆನ್ನಾಗಿದ್ದರೆ ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುರಿಸುತ್ತದೆ. ರಾತ್ರಿಯೂಟದ ಪಾತ್ರೆಗೆ ಇಪ್ಪತ್ತು ನಿಮಿಷ ಹಿಡಿದು, ಅದರಲ್ಲಿ ಅರ್ಧ ಹೊತ್ತು ಮಾತ್ರ ನಲ್ಲಿ ತೆರೆದಿದ್ದರೂ 80ರಿಂದ 100 ಲೀಟರ್ ಹೋಯಿತು. ಎಂಟು ಲೀಟರ್ ಹಿಡಿಸುವ ಎರಡು ಟಬ್ ತುಂಬಿಕೊಂಡು, ಮಧ್ಯೆ ಒಂದು ಸಲ ಎರಡನ್ನೂ ಬದಲಿಸಿದರೆ 32 ಲೀಟರ್. ಜಲ ಜೀವನ್ ಮಿಷನ್ ಅಡಿ ಹಳ್ಳಿಯ ಮನೆಗೆ ಕೊಡಬೇಕೆಂದಿರುವುದು ತಲೆಗೆ ದಿನಕ್ಕೆ 55 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ, ಶೌಚಕ್ಕೆ ಎಲ್ಲ ಸೇರಿ. ನಗರದಲ್ಲಿ ಒಂದು ಹೊತ್ತಿನ ಪಾತ್ರೆ ತೊಳೆಯಲು ಹರಿದುಹೋಗುವ ನೀರು ಹಳ್ಳಿಯ ಇಬ್ಬರ ಇಡೀ ದಿನದ ಪಾಲಿಗೆ ಹತ್ತಿರ ಬರುತ್ತದೆ.

ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ಬಂತು. ಹೊರವಲಯದ 110 ಹಳ್ಳಿಗಳಿಗೆ ಅದು ದೊಡ್ಡ ಆಸರೆ, ಎರಡು ಮಾತಿಲ್ಲ. ಆದರೆ ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಪಂಪಿನ ಬಲದಿಂದ ಏರಿ ಬರಬೇಕು. ಹರಿಯುವ ನೀರು ಶುದ್ಧ ಎಂಬ ಮಾತು ಹೊಳೆದಂಡೆಯಲ್ಲಿ ಹುಟ್ಟಿದ್ದು. ಹೊಳೆ ತನ್ನಷ್ಟಕ್ಕೆ ಹರಿಯುತ್ತದೆ, ನಾವು ಪಾತ್ರೆ ಹಿಡಿದರೂ ಬಿಟ್ಟರೂ. ನಮ್ಮ ನಲ್ಲಿಯ ಹರಿವಿಗೆ ಕರೆಂಟು ಸುಡಬೇಕು.

ಓದಲು, ಕೆಲಸ ಮಾಡಲು ಇಂಗ್ಲೆಂಡಿಗೆ ಹೋದ ನಮ್ಮವರಿಗೆ ಅಲ್ಲಿನ ಅಡುಗೆಮನೆಯಲ್ಲಿ ಮೊದಲು ವಿಚಿತ್ರವಾಗಿ ಕಾಣುವುದು ಸಿಂಕಿನೊಳಗೆ ಕೂತಿರುವ ಪ್ಲಾಸ್ಟಿಕ್ ಟಬ್. ಸಿಂಕೇ ಇರುವಾಗ ಅದರೊಳಗೆ ಇನ್ನೊಂದು ಯಾಕೆ? ಕಾರಣಗಳಿವೆ. ಹಳೆಯ ಮನೆಗಳ ಸಿಂಕು ದಪ್ಪ ಪಿಂಗಾಣಿಯದು, ಕೈಜಾರಿದ ಕಪ್ಪು ಉಳಿಯುತ್ತಿರಲಿಲ್ಲ. ಬಿಸಿನೀರಿಗೊಂದು ನಲ್ಲಿ, ತಣ್ಣೀರಿಗೊಂದು ನಲ್ಲಿ. ಹದವಾಗಿ ಬೆರೆಸಿಕೊಳ್ಳಲು ಪಾತ್ರೆಯೊಂದು ಬೇಕೇಬೇಕು. ಬಿಸಿನೀರು ದುಬಾರಿ, ದೊಡ್ಡ ಸಿಂಕ್ ತುಂಬಿಸುವ ಬದಲು ಸಣ್ಣ ಟಬ್ ತುಂಬಿಸಿದರೆ ಸಾಕು. ಜೊತೆಗೆ, ಟಬ್ಬಿನ ಪಕ್ಕದ ಸಂದಿಯಲ್ಲಿ ಚಹಾದ ಗಸಿ, ಉಳಿದ ಸಾರು ಚೆಲ್ಲಿದರೆ ನೊರೆನೀರು ಕೆಡುವುದಿಲ್ಲ. ಇಷ್ಟೂ ಒಳ್ಳೆಯದೇ. ನಮ್ಮವರಿಗೆ ಒಗ್ಗದಿರುವುದು ಮುಂದಿನದು: ಅಲ್ಲಿ ಎಷ್ಟೋ ಜನ ನೊರೆನೀರಿನಿಂದ ಎತ್ತಿದ ತಟ್ಟೆಯನ್ನು ಮತ್ತೆ ಜಾಲಿಸದೆ ಹಾಗೇ ಒರಗಿಸಿಡುತ್ತಾರೆ. ನನಗೂ ಅದು ಒಪ್ಪಿತವಲ್ಲ. ಸೋಪು ಪಾತ್ರೆಯ ಮೇಲೆ ಒಣಗಬಾರದು. ಆದರೆ ಆ ಒಂದು ತಪ್ಪಿಗಾಗಿ ಟಬ್ಬನ್ನೇ ತಳ್ಳಿಹಾಕುವುದು ಸರಿಯಲ್ಲ.

ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ರೈನರ್ ಸ್ಟಾಮಿಂಗರ್ ಎಂಬ ಪ್ರಾಧ್ಯಾಪಕರು ಈ ಶತಮಾನದ ಮೊದಲ ವರ್ಷಗಳಲ್ಲಿ ಯುರೋಪಿನ ಹಲವು ದೇಶಗಳವರಿಗೆ ಒಂದೇ ಬಗೆಯ ಎಂಜಲು ಪಾತ್ರೆಗಳನ್ನು ಕೊಟ್ಟು, ಅವರವರ ರೂಢಿಯಂತೆ ತೊಳೆಯಲು ಬಿಟ್ಟರು. ಹನ್ನೆರಡು ಜನರ ಊಟದಷ್ಟು ಪಾತ್ರೆ. ಸರಾಸರಿ ಸುಮಾರು 100 ಲೀಟರ್ ಹೋಯಿತು. ಟಬ್ಬಿನಲ್ಲೋ ಸಿಂಕು ತುಂಬಿಕೊಂಡೋ ತೊಳೆಯುವ ರೂಢಿಯಿರುವ ಜರ್ಮನರು 50 ಲೀಟರಿನ ಆಸುಪಾಸಿನಲ್ಲೇ ಮುಗಿಸಿದರು, ಬ್ರಿಟಿಷರದೂ ಕಡಿಮೆಯೇ. ನಲ್ಲಿ ಬಿಟ್ಟು ತೊಳೆಯುವ ಸ್ಪೇನ್, ಪೋರ್ಚುಗಲ್ ಕಡೆಯವರಿಗೆ 170 ಲೀಟರ್ ಬೇಕಾಯಿತು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ, ಹೆಚ್ಚು ನೀರು ಸುರಿದವರ ಪಾತ್ರೆ ಹೆಚ್ಚು ಚೊಕ್ಕಟವಾಗಿರಲಿಲ್ಲ ಎಂಬುದು. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು, ಡಿಶ್‌ವಾಷರ್ ತಯಾರಿಸುವ ವರ್ಲ್‌ಪೂಲ್ ಕಂಪನಿಯ ಜೊತೆಗೂಡಿಯೇ ನಡೆಸಿದ ಅಧ್ಯಯನದಲ್ಲೂ ಅತಿ ಕಡಿಮೆ ಇಂಗಾಲ ಹೊಮ್ಮಿಸಿದ್ದು ಯಂತ್ರವಲ್ಲ, ಎರಡು ಟಬ್ಬಿನ ಕೈತೊಳೆತ: ಒಂದರಲ್ಲಿ ಬಿಸಿ ಸೋಪುನೀರು, ಇನ್ನೊಂದರಲ್ಲಿ ತಣ್ಣೀರು. ನಲ್ಲಿ ಬಿಟ್ಟು ತೊಳೆಯುವುದು ಎಲ್ಲಕ್ಕಿಂತ ಹಿಂದೆ ಬಿತ್ತು.

ಆದರೆ ಯುರೋಪಿನ ಲೆಕ್ಕವನ್ನು ನಮ್ಮ ಅಡುಗೆಮನೆಗೆ ಹಾಗೇ ಇಳಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಪಾತ್ರೆಯ ಜಾಯಮಾನವೇ ಬೇರೆ. ತಳ ಹಿಡಿದ ಉಪ್ಪಿಟ್ಟಿನ ಬಾಣಲೆ, ಹೆಪ್ಪುಗಟ್ಟಿದ ತುಪ್ಪದ ಗಿಂಡಿ, ಕೆನೆ ಅಂಟಿದ ಹಾಲಿನ ಪಾತ್ರೆ, ಹುಳಿಯ ಎಣ್ಣೆ ಅರಿಸಿನ ಮೆತ್ತಿದ ಸೌಟು, ದೋಸೆಹಿಟ್ಟು ಒಣಗಿ ಹಕ್ಕಳೆಗಟ್ಟಿದ ಡಬ್ಬ. ಇವನ್ನೆಲ್ಲ ಒಂದೇ ನೊರೆನೀರಿನ ಟಬ್ಬಿಗೆ ಇಳಿಸಿದರೆ ಐದು ನಿಮಿಷದಲ್ಲಿ ಅದು ತೆಳು ಸಾರಾಗುತ್ತದೆ. ಅದನ್ನು ಕಂಡು ಮುಖ ಸಿಂಡರಿಸುವ ಅಜ್ಜಿಯ ಅನುಭವ ಸುಳ್ಳಲ್ಲ. ಸಂಜೆಯ ಚಾಟ್ ಗಾಡಿಯ ಪಕ್ಕದ ಬಕೆಟ್ಟನ್ನು ನೋಡಿದವರಿಗೆಲ್ಲ ಗೊತ್ತು. ಆರು ಗಂಟೆಗೆ ತುಂಬಿಸಿದ ನೀರಲ್ಲಿ ಒಂಬತ್ತರವರೆಗೂ ತಟ್ಟೆ ಮುಳುಗೇಳುತ್ತದೆ. ಅಲ್ಲಿ ಸೋಪೂ ಇಲ್ಲ, ನೀರು ಬದಲಿಸುವುದೂ ಇಲ್ಲ. ಅಸಹ್ಯ ಪಡಬೇಕಾದದ್ದೇ.

ಹಾಗಾದರೆ ಟಬ್ ಎಲ್ಲಿ ಬೇಕು, ಎಲ್ಲಿ ಬೇಡ? ಇದನ್ನು ನನಗೆ ತಿಳಿಯಾಗಿ ತೋರಿಸಿಕೊಟ್ಟವರು ನಮ್ಮ ಬೀದಿಯ ಕೆಲವು ಮನೆಗಳಲ್ಲಿ ಕೆಲಸ ಮಾಡುವ ರಾಯಚೂರು ಕಡೆಯ ಒಬ್ಬ ಹೆಂಗಸು. ಟ್ಯಾಂಕರ್ ಬಾರದ ದಿನಗಳಲ್ಲಿ ಅವರು ಪಾತ್ರೆ ತೊಳೆಯುವ ಕ್ರಮವನ್ನು ನಿಂತು ನೋಡಿದ್ದೇನೆ. ಮೊದಲಿಗೆ ನೀರನ್ನೇ ಮುಟ್ಟುವುದಿಲ್ಲ. ಅನ್ನದಗುಳು, ಕರಿಬೇವು, ಹುಣಸೆಯ ಚರಟವನ್ನೆಲ್ಲ ಬೆರಳಿಂದ ಬಳಿದು ಹಸಿಕಸದ ಬುಟ್ಟಿಗೆ. ಜಿಡ್ಡಿನ ಬಾಣಲೆಯನ್ನು ಹಳೆಯ ಪೇಪರಿನಲ್ಲಿ ಒರೆಸಿ ಬದಿಗೆ. ತಳ ಹಿಡಿದದ್ದಕ್ಕೆ ಒಂದು ಲೋಟ ನೀರು ಹಾಕಿ ನೆನೆಯಲು ಬಿಟ್ಟು, ಸಣ್ಣ ಬಟ್ಟಲಲ್ಲಿ ಸೋಪು ಕರಗಿಸಿಕೊಳ್ಳುತ್ತಾರೆ. ಆಮೇಲೆ ಲೋಟ, ಚಮಚ, ತಟ್ಟೆ, ಬೋಗುಣಿ, ಕುಕ್ಕರ್, ಕೊನೆಗೆ ಬಾಣಲೆ ಎಂಬ ಸಾಲಿನಲ್ಲಿ ಒಂದೊಂದನ್ನೂ ಒದ್ದೆ ನಾರಿನಲ್ಲಿ ಉಜ್ಜಿ, ನೊರೆಯ ಸಮೇತ ಪೇರಿಸುತ್ತಾರೆ. ಅಲ್ಲಿಯವರೆಗೆ ಟಬ್ಬಿಗೆ ಕೈ ಹಾಕಿರುವುದಿಲ್ಲ. ಎಲ್ಲ ಉಜ್ಜಿ ಮುಗಿದ ಮೇಲೆ ಎರಡು ಟಬ್. ಮೊದಲನೆಯದರಲ್ಲಿ ನೊರೆ ಕಳಚುತ್ತದೆ, ಎರಡನೆಯದರಲ್ಲಿ ಜಾಲಿಸಿ ಬುಟ್ಟಿಯಲ್ಲಿ ಬೋರಲು. ಮೊದಲ ಟಬ್ಬಿನ ನೀರು ಹಾಲಿನಂತೆ ಬೆಳ್ಳಗಾದಾಗ ಅದನ್ನು ಚೆಲ್ಲಿ, ಎರಡನೆಯದನ್ನು ಮೊದಲಿನ ಜಾಗಕ್ಕೆ ಸರಿಸಿ, ಹೊಸ ನೀರನ್ನು ಎರಡನೆಯದಕ್ಕೆ ತುಂಬುತ್ತಾರೆ. ಯಾವ ಪಾತ್ರೆಯಾದರೂ ಕೊನೆಯಲ್ಲಿ ಕಾಣುವುದು ತಿಳಿನೀರನ್ನೇ.

‘ನೀರು ಬಿಟ್ಟು ತೊಳಿಯೂದು ಹಗುರ ಐತ್ರಿ ಅಕ್ಕಾರ, ನೀರ ಇದ್ರ. ನಮ್ಮೂರಾಗ ಕೊಡದ ಲೆಕ್ಕದಾಗ ಕಲತೀವಿ’ ಅಂದರು. ಬೆಂಗಳೂರಿಗೆ 2024ರಲ್ಲಿ ಬಂದ ಬರ ಆ ಕಡೆಯ ಊರುಗಳಿಗೆ ಪ್ರತಿ ಬೇಸಿಗೆಯ ಮಾತು. ಕೊಡ ಹೊತ್ತು ತಂದವರ ಕೈ ನೀರನ್ನು ಹಿಡಿಯುವ ರೀತಿಯೇ ಬೇರೆ. ಈ ಜ್ಞಾನಕ್ಕೆ ನಾವು ಎಂದೂ ಬೆಲೆ ಕಟ್ಟಿಲ್ಲ ಎಂಬುದು ನನಗೆ ನೋವಿನ ವಿಷಯ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ಆದರೂ ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂಬ ಭಾವನೆ ಇನ್ನೂ ಹೋಗಿಲ್ಲ.

ಅವರ ಕ್ರಮದಲ್ಲಿ ತರ್ಕ ನೇರವಾಗಿದೆ. ಜಿಡ್ಡನ್ನು ಪಾತ್ರೆಯಿಂದ ಬಿಡಿಸುವುದು ಸೋಪು ಮತ್ತು ಉಜ್ಜುವ ಕೈ. ಬಿಟ್ಟ ಜಿಡ್ಡನ್ನು ಆಚೆ ಸಾಗಿಸುವುದಷ್ಟೇ ನೀರಿನ ಪಾಲು. ಉಜ್ಜದ ತಟ್ಟೆಯ ಮೇಲೆ ಬಕೆಟ್ಟುಗಟ್ಟಲೆ ಸುರಿದರೂ ಎಣ್ಣೆ ಕದಲುವುದಿಲ್ಲ. ಹಿಂದೆ ಬೂದಿ ಬಳಸುತ್ತಿದ್ದುದೂ ಇದಕ್ಕೇ. ಬೂದಿಯ ಕ್ಷಾರ ಎಣ್ಣೆಯ ಜೊತೆ ಸೇರಿ ಪಾತ್ರೆಯ ಮೇಲೆಯೇ ಒಂದಿಷ್ಟು ಸೋಪಾಗುತ್ತಿತ್ತು, ತೆಂಗಿನ ನಾರು ಅದನ್ನು ಎತ್ತಿಕೊಳ್ಳುತ್ತಿತ್ತು. ಬಿಸಿನೀರಿನ ಬಗ್ಗೆಯೂ ಒಂದು ಮಾತು. ಕೈ ತಡೆಯುವಷ್ಟು ಬಿಸಿ ಜಿಡ್ಡನ್ನು ಕರಗಿಸುತ್ತದೆಯೇ ಹೊರತು ರೋಗಾಣುಗಳನ್ನು ಕೊಲ್ಲುವುದಿಲ್ಲ. ಅಮೆರಿಕದ ಹೋಟೆಲುಗಳಿಗಿರುವ ಆಹಾರ ನಿಯಮದಲ್ಲಿ ಕೈತೊಳೆತಕ್ಕೆ ಮೂರು ತೊಟ್ಟಿಗಳನ್ನು ಹೇಳಿದೆ, ಮೊದಲನೆಯದರ ನೀರು ಕನಿಷ್ಠ 43 ಡಿಗ್ರಿ ಸೆಲ್ಸಿಯಸ್ ಇರಬೇಕು, ಎರಡನೆಯದು ಜಾಲಿಸಲು, ಮೂರನೆಯದು ಸೋಂಕು ಕಳೆಯಲು. ನೂರಾರು ಜನ ಉಣ್ಣುವ ತಟ್ಟೆಗೂ ಅದ್ದಿ ತೊಳೆಯುವ ಕ್ರಮವೇ ಅಧಿಕೃತ. ಮನೆಯಲ್ಲಿ ಮೂರನೆಯ ತೊಟ್ಟಿಯ ಕೆಲಸವನ್ನು ಬಿಸಿಲು ಗಾಳಿ ಸಾಕಷ್ಟು ಮಟ್ಟಿಗೆ ನಿಭಾಯಿಸುತ್ತವೆ. ತೊಳೆದ ಪಾತ್ರೆಯನ್ನು ಹಸಿ ಬಟ್ಟೆಯಲ್ಲಿ ಒರೆಸುವುದಕ್ಕಿಂತ ಬೋರಲು ಹಾಕಿ ನೀರು ಬಸಿಯಲು ಬಿಡುವುದು ಎಷ್ಟೋ ಮೇಲು. ಮನೆಯಲ್ಲಿ ವಾಂತಿಭೇದಿಯಿಂದ ಮಲಗಿದವರಿದ್ದರೆ ಅವರ ತಟ್ಟೆ ಲೋಟವನ್ನು ಬೇರೆಯಾಗಿ ತೊಳೆದು ಕುದಿಯುವ ನೀರು ಹಾಕಬೇಕು. ಹಸಿ ಮೀನು, ಮಾಂಸ ಹೆಚ್ಚಿದ ಹಲಗೆಯೂ ಟಬ್ಬಿಗೆ ಇಳಿಯಬಾರದು.

ನಿಜ ಹೇಳಬೇಕೆಂದರೆ ಟಬ್ಬಿಗಿಂತ ಹೆಚ್ಚು ಅನುಮಾನಿಸಬೇಕಾದದ್ದು ಸ್ಪಂಜನ್ನು. ಜರ್ಮನಿಯ ಫುರ್ಟ್‌ವಾಂಗನ್ ವಿಶ್ವವಿದ್ಯಾಲಯದ ಮಾರ್ಕುಸ್ ಎಗರ್ಟ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಗಳಿಂದ ತಂದ 14 ಸ್ಪಂಜುಗಳನ್ನು ಪರೀಕ್ಷಿಸಿದಾಗ ಕೆಲವೆಡೆ ಒಂದು ಘನ ಸೆಂಟಿಮೀಟರಿನಲ್ಲಿ 5,400 ಕೋಟಿಯಷ್ಟು ಬ್ಯಾಕ್ಟೀರಿಯಾ ಕಂಡವು. ನಲ್ಲಿಯನ್ನು ಎಷ್ಟೇ ಜೋರಾಗಿ ಬಿಟ್ಟರೂ ಉಜ್ಜುವ ವಸ್ತು ಹಗಲಿರುಳು ಒದ್ದೆಯಾಗಿದ್ದರೆ ಏನು ಬಂತು? ಬೇಗ ಒಣಗುವ ತೆಂಗಿನ ನಾರೋ ತೆಳು ಸ್ಕ್ರಬ್ಬರೋ ಲೇಸು. ಅದನ್ನು ಟಬ್ಬಿನ ನೀರಲ್ಲಿ ಬಿಟ್ಟು ಮಲಗುವುದಂತೂ ಬೇಡವೇ ಬೇಡ.

ಇನ್ನು ಪ್ಲಾಸ್ಟಿಕ್ಕಿನ ಮಾತು. ಅಂಗಡಿಯಲ್ಲಿ ಸಿಗುವ ಟಬ್ಬುಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಎರಡಕ್ಕೂ ನೀರಿಗಿಂತ ಎಣ್ಣೆಯ ಸ್ನೇಹ ಹೆಚ್ಚು. ಅದಕ್ಕೇ ಸ್ಟೀಲ್ ಪಾತ್ರೆಯಿಂದ ಒಂದೇ ತಿಕ್ಕಿಗೆ ಬಿಡುವ ಜಿಡ್ಡು ಪ್ಲಾಸ್ಟಿಕ್ ಡಬ್ಬದಿಂದ ಮೂರು ಸಲ ಉಜ್ಜಿದರೂ ಹೋಗುವುದಿಲ್ಲ. ಅರಿಸಿನದ ಬಣ್ಣವೂ ಎಣ್ಣೆಯಲ್ಲಿ ಕರಗುವಂಥದ್ದು, ಎಣ್ಣೆಯ ಜೊತೆ ಪ್ಲಾಸ್ಟಿಕ್ಕಿನೊಳಕ್ಕೇ ಇಳಿದು ಕೂರುತ್ತದೆ. ಬಿಳಿಯ ಟಬ್ ತಂದ ಮನೆಯಲ್ಲಿ ತಿಂಗಳೊಳಗೆ ಅದು ಹಳದಿ. ಬಿಸಿಲಿಗೆ ಇಟ್ಟರೆ ಬಣ್ಣ ಬಹುಮಟ್ಟಿಗೆ ಬಿಡುತ್ತದೆ, ಅರಿಸಿನ ಬೆಳಕಿಗೆ ನಿಲ್ಲುವುದಿಲ್ಲ. ಗೀರುಗಳು ಮಾತ್ರ ಹೋಗುವುದಿಲ್ಲ. ಕುಕ್ಕರಿನ ಅಂಚು, ಇಕ್ಕಳ, ತುರಿಯುವ ಮಣೆಯ ಹಲ್ಲು ಒಂದೊಂದೂ ಗೀಚಿದ ಜಾಗದಲ್ಲಿ ಜಿಡ್ಡು ಸೇರಿ ಲೋಳೆಯ ಪದರ ಕಟ್ಟುತ್ತದೆ. ಟಬ್ಬಿನ ಒಳಗೋಡೆಯ ಮೇಲೆ ಬೆರಳು ಎಳೆದು ನೋಡಿ: ಜಾರುವಂತಿದ್ದರೆ ಅದನ್ನು ತೊಳೆದು ಎಷ್ಟೋ ದಿನವಾಗಿದೆ ಎಂದರ್ಥ. ಅದರ ಹೊರತಳ ಇನ್ನೂ ಕಡೆ. ಸಿಂಕಿಗೂ ಟಬ್ಬಿಗೂ ನಡುವಿನ ಸಂದಿ ಯಾರ ಕಣ್ಣಿಗೂ ಬೀಳುವುದಿಲ್ಲ, ಒಣಗುವುದೂ ಇಲ್ಲ.

ಆದ್ದರಿಂದ ನನ್ನ ಮತ ಸ್ಟೀಲಿಗೆ. ಅಗಲ ಬಾಯಿಯ ಸ್ಟೀಲ್ ಟಬ್ಬಿಗೆ ದುಡ್ಡು ಹೆಚ್ಚು, ಸದ್ದೂ ಹೆಚ್ಚು. ಆದರೆ ಜಿಡ್ಡು ಹಿಡಿಯುವುದಿಲ್ಲ, ಕುದಿನೀರು ತಾಳುತ್ತದೆ, ಇಪ್ಪತ್ತು ವರ್ಷ ಬಾಳುತ್ತದೆ. ಹೊಸದನ್ನು ಕೊಳ್ಳಲೇಬೇಕೆಂದೂ ಇಲ್ಲ. ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಬೇಸಿನ್ನು ಅಟ್ಟದ ಮೇಲೆ ಕೂತಿರುವ ಮನೆಗಳು ಎಷ್ಟಿಲ್ಲ! ಪ್ಲಾಸ್ಟಿಕ್ ಗೆಲ್ಲುವುದು ಒಂದೇ ಕಡೆ: ಗಾಜಿನ ಲೋಟ, ಪಿಂಗಾಣಿ ಕಪ್ಪುಗಳಿಗೆ ಅದು ಮೆತ್ತನೆಯ ಹಾಸು. ಈಗಾಗಲೇ ಪ್ಲಾಸ್ಟಿಕ್ ಟಬ್ ಇದ್ದವರು ಅದನ್ನು ಎಸೆಯಬೇಕಿಲ್ಲ. ಜಾಲಿಸುವ ನೀರಿಗೆ ಮಾತ್ರ ಮೀಸಲಿಟ್ಟು, ಕೆಲಸ ಮುಗಿದ ಮೇಲೆ ಒಳಗೂ ಹೊರಗೂ ಸೋಪು ಹಚ್ಚಿ ತೊಳೆದು, ಸಿಂಕಿನಿಂದ ಆಚೆ ತೆಗೆದು ಬೋರಲು ಹಾಕಿದರೆ ಅದೂ ವರ್ಷಗಟ್ಟಲೆ ಸೇವೆ ಮಾಡುತ್ತದೆ.

ಯಾವ ಟಬ್ಬಿಗೂ ಇಳಿಯಬಾರದ ಸಾಮಾನುಗಳಿವೆ. ಚಾಕು, ಮಿಕ್ಸಿ ಜಾರಿನ ಬ್ಲೇಡು ನೊರೆಯ ಅಡಿಯಲ್ಲಿ ಅಡಗಿದರೆ ಬೆರಳು ಹೋದಂತೆ. ದೋಸೆಯ ಕಬ್ಬಿಣದ ಕಾವಲಿ ನೆನೆದರೆ ತುಕ್ಕು, ಪಳಗಿದ್ದೂ ಹಾಳು. ಮಣ್ಣಿನ ಗಡಿಗೆ, ಬಳಪದ ಕಲ್ಲಿನ ಮರಿಗೆ ಸೋಪುನೀರನ್ನು ಹೀರಿಕೊಂಡು ಮುಂದಿನ ಅಡುಗೆಗೆ ಬಿಡುತ್ತವೆ. ಅವಕ್ಕೆ ಕಡಲೆಹಿಟ್ಟು, ಬಿಸಿನೀರು ಸಾಕು. ಮರದ ಸೌಟು ಉಬ್ಬಿ ಸೀಳುತ್ತದೆ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗುವುದು ಪ್ರತ್ಯೇಕ ಕೆಲಸ, ಆ ಹುಳಿನೀರು ಉಳಿದ ಪಾತ್ರೆಗಳ ಜೊತೆ ಬೆರೆಯುವುದು ಬೇಡ.

ಟಬ್ಬಿನ ಇನ್ನೊಂದು ಗುಣವನ್ನು ಹಳ್ಳಿಮನೆಯಲ್ಲಿ ಬೆಳೆದವರು ಥಟ್ಟನೆ ಗುರುತಿಸುತ್ತಾರೆ. ನೀರು ಒಂದು ಕಡೆ ನಿಂತರೆ ಅದು ಎಲ್ಲಿಗೆ ಹೋಗಬೇಕೆಂದು ನಾವು ತೀರ್ಮಾನಿಸಬಹುದು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ ಹೋಗಿ ದನದ ಹೊಟ್ಟೆ ಸೇರುತ್ತಿತ್ತು, ಪಾತ್ರೆ ಬೆಳಗಿದ ಬೂದಿನೀರು ಹಿತ್ತಲ ಚಪ್ಪಡಿಯಿಂದ ಜಾರಿ ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ. ಈಗಿನ ಸೋಪುನೀರನ್ನು ದನಕ್ಕೆ ಇಡುವಂತಿಲ್ಲ, ಮೊದಲ ಟಬ್ಬಿನ ನೀರು ಕುಂಡದ ಗಿಡಕ್ಕೂ ಆಗದು. ಎರಡನೆಯ ಟಬ್ಬಿನ ಕೊನೆಯ ನೀರಲ್ಲಿ ಮಾತ್ರ ಸೋಪು ಲೇಶದಷ್ಟಿರುತ್ತದೆ. ಅದು ಬಾಲ್ಕನಿಯ ಹೂಗಿಡಕ್ಕೂ ಸೈ, ನೆಲ ಒರೆಸಲೂ ಸೈ, ನಾಳೆಯ ಸೀದ ಪಾತ್ರೆ ನೆನೆಹಾಕಲೂ ಸೈ. ಸಿಂಕಿನ ತೂತಿಗಿಳಿದ ನೊರೆಗೆ ಆ ಆಯ್ಕೆ ಇಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ಮಂಜಿನ ಗುಡ್ಡೆಯಂತೆ ಎದ್ದು ರಸ್ತೆಗೆ ಹಾರುತ್ತಿದ್ದ ನೊರೆಯನ್ನು ನೋಡಿದ್ದೇವೆ. ಸಂಸ್ಕರಣೆ ಕಾಣದ ಕೊಳಚೆನೀರಿನಲ್ಲಿದ್ದ ಮಾರ್ಜಕಗಳಿಗೆ ಅದರಲ್ಲಿ ದೊಡ್ಡ ಪಾಲಿತ್ತು. ನಲ್ಲಿ ಹರಿಯುತ್ತಿರುವಾಗ ಸ್ಕ್ರಬ್ಬರಿನ ಸೋಪು ಪಾತ್ರೆಗೆ ತಾಗುವ ಮೊದಲೇ ಅರ್ಧ ತೊಳೆದುಹೋಗುತ್ತದೆ, ಮತ್ತೆ ಮತ್ತೆ ಹಚ್ಚುತ್ತೇವೆ. ನಲ್ಲಿ ಮುಚ್ಚಿ ಉಜ್ಜಿದರೆ ಸೋಪಿನ ಖರ್ಚೂ ಇಳಿಯುತ್ತದೆ. ಕೊಳವೆಬಾವಿಯ ಗಡಸುನೀರಿರುವ ಮನೆಗಳಲ್ಲಿ ಒಂದು ಎಚ್ಚರ: ಜಾಲಿಸಿದ ಸ್ಟೀಲಿನ ಮೇಲೆ ಉಳಿಯುವ ಬಿಳಿ ಚುಕ್ಕೆ ಸೋಪಿನದಲ್ಲ, ನೀರು ಆರಿದಾಗ ಉಳಿದ ಸುಣ್ಣದಂಶ. ಅದಕ್ಕಾಗಿ ಇನ್ನಷ್ಟು ನೀರು ಸುರಿದು ಫಲವಿಲ್ಲ. ಒಣ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಕೈಗಳ ಮಾತೂ ಬರಬೇಕು. ದಿನಕ್ಕೆ ನಾಲ್ಕೈದು ಮನೆಯ ಪಾತ್ರೆ ತೊಳೆಯುವವರ ಬೆರಳ ಸಂದಿ ಬಿರಿಯುವುದು, ಉಗುರುಸುತ್ತು ಆಗುವುದು ಗಂಟೆಗಟ್ಟಲೆ ಒದ್ದೆಯಲ್ಲೂ ಸೋಪಿನಲ್ಲೂ ಇರುವುದರಿಂದ. ಸೋಪುನೀರಿನ ಟಬ್ಬಿನಲ್ಲಿ ಮೊಣಕೈವರೆಗೆ ಮುಳುಗಿಸಿಕೊಂಡು ತೊಳೆಯುವ ಕ್ರಮ ಅವರಿಗೆ ಇನ್ನೂ ಕೇಡು. ಉಜ್ಜುವುದು ಹೊರಗೆ, ಟಬ್ಬಿನಲ್ಲಿ ಜಾಲಿಸುವುದಷ್ಟೇ ಎಂಬ ಕ್ರಮದಲ್ಲಿ ಕೈ ಸೋಪಿನಲ್ಲಿ ಇರುವ ಹೊತ್ತು ಕಡಿಮೆ. ಒಂದು ಜೊತೆ ರಬ್ಬರ್ ಗ್ಲೌಸ್, ಕೆಲಸ ಮುಗಿದ ಮೇಲೆ ಹಚ್ಚಿಕೊಳ್ಳಲು ಚೂರು ಕೊಬ್ಬರಿ ಎಣ್ಣೆ ಸಿಂಕಿನ ಪಕ್ಕ ಇಡುವುದು ಮನೆಯವರ ಹೊಣೆ.

ಇಷ್ಟು ಹೇಳಿದ ಮೇಲೂ ಒಂದು ಅಡ್ಡಿ ಉಳಿಯುತ್ತದೆ, ಅದು ಅಡುಗೆಮನೆಯ ಕಟ್ಟಡದ್ದು. ಈಗಿನ ಬಹಳಷ್ಟು ಫ್ಲ್ಯಾಟುಗಳಲ್ಲಿ ಒಂದೇ ಕುಳಿಯ ಸಿಂಕು, ಪಕ್ಕದಲ್ಲಿ ಅಂಗೈಯಗಲ ಜಾಗ. ಎರಡು ಟಬ್ ಎಲ್ಲಿ ಇಡುವುದು, ಉಜ್ಜಿದ್ದನ್ನು ಎಲ್ಲಿ ಪೇರಿಸುವುದು? ಬೇರೆ ದಾರಿ ಕಾಣದೆ ಜನ ನಲ್ಲಿ ಬಿಡುತ್ತಾರೆ. ಇಂಥ ಮನೆಯಲ್ಲಿ ಸಿಂಕಿನ ತೂತಿಗೆ ರಬ್ಬರ್ ಬಿರಡೆ ಹಾಕಿ ಸಿಂಕನ್ನೇ ಮೊದಲ ಟಬ್ ಮಾಡಿಕೊಂಡು, ಕಟ್ಟೆಯ ಮೇಲೆ ಇನ್ನೊಂದನ್ನು ಇಡಬಹುದು. ಬಿರಡೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹೆಚ್ಚೇನೂ ಬೆಲೆಯಿಲ್ಲ. ಹೊಸದಾಗಿ ಮನೆ ಕಟ್ಟಿಸುವವರಾದರೆ ಗ್ರಾನೈಟ್ ಬಣ್ಣ ಆರಿಸುವ ಮೊದಲು ಎರಡು ಕುಳಿಯ ಸಿಂಕು, ಒಂದು ಬದಿಗೆ ನೀರು ಸಿಂಕಿಗೇ ಇಳಿಯುವಂತೆ ಓರೆಯಾದ ಕಟ್ಟೆ ಬೇಕೆಂದು ಪಟ್ಟು ಹಿಡಿಯಿರಿ. ಕಟ್ಟೆಯ ಎತ್ತರವನ್ನು ದಿನಾ ಅಲ್ಲಿ ನಿಂತು ಪಾತ್ರೆ ತೊಳೆಯುವವರು ಯಾರೋ ಅವರನ್ನೇ ನಿಲ್ಲಿಸಿ ಅಳೆಸಿ.